ಬೆಣ್ಣೆ ಬಾರದ ಕೆನೆ

ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಮಾನ್ಯಾಳ ಫೋನಿನಲ್ಲಿ ಅಲಾರಂ ಬಡಿಯಿತು. ಬಾಟಲಿಯ ಫೋಟೋ ತೆಗೆಯುವ ಹೊತ್ತು. ಹದಿನೆಂಟು ದಿನಗಳಿಂದ ದಿನಕ್ಕೆ ಮೂರು ಸಲ ಅವಳು ಒಂದೇ ಒಂದು ಗಾಜಿನ ಬಾಟಲಿಯ ಫೋಟೋ ತೆಗೆಯುತ್ತ ಬಂದಿದ್ದಳು. ಚೊಚ್ಚಲ ಮಗುವಿನ ಅಪ್ಪಂದಿರೂ ಅಷ್ಟು ತೆಗೆಯುವುದಿಲ್ಲ.

ಬಾಟಲಿಯೊಳಗೆ ಇದ್ದದ್ದು ನೋಡಲಿಕ್ಕೆ ಗಟ್ಟಿ ಕೆನೆಯಂತಿದ್ದ ಬೆಳ್ಳಗಿನ ಒಂದು ವಸ್ತು. ಎಣ್ಣೆಯೂ ನೀರೂ ಕೂಡಿ ಬಾಳುವುದಿಲ್ಲ ಎಂಬುದು ಎಳೆ ಮಕ್ಕಳಿಗೂ ಗೊತ್ತಿರುವ ಸಂಗತಿ. ಕಲಕಿದರೆ ಒಂದು ಕ್ಷಣ ಬೆರೆತ ಹಾಗೆ ಕಾಣುತ್ತವೆ. ಆಮೇಲೆ ಎಣ್ಣೆಯ ಹನಿಗಳು ಒಂದನ್ನೊಂದು ಹುಡುಕಿಕೊಂಡು ಹೋಗಿ, ಕೂಡಿಕೊಂಡು, ಮೇಲೆ ಬಂದು ಕೂತುಬಿಡುತ್ತವೆ. ಸೋಪಿನಂಥದ್ದನ್ನು ಹಾಕಿದರೆ ಒಂದಷ್ಟು ಕಾಲ ತಡೆಯಬಹುದು. ಮಾನ್ಯಾ ಹೊರಟಿದ್ದು ಸೋಪಿಲ್ಲದೆ ಅವೆರಡನ್ನೂ ಹಿಡಿದು ನಿಲ್ಲಿಸಲಿಕ್ಕೆ. ಅದಕ್ಕೆ ಅವಳು ನಂಬಿದ್ದು ಮರಳಿನ ಜಾತಿಯದೇ ಆದ ಸಿಲಿಕಾದ ನ್ಯಾನೋಕಣಗಳನ್ನು. ಒಂದು ತಲೆಗೂದಲಿನ ಅಡ್ಡಗಲದಲ್ಲಿ ಸಾವಿರಾರು ಕಣಗಳು ಸಾಲಾಗಿ ನಿಂತಾವು, ಅಷ್ಟು ಸಣ್ಣವು. ಆ ಕಣಗಳ ಹೊರಮೈಗೆ ಉಪಚಾರ ಮಾಡಿ ಅರ್ಧ ಎಣ್ಣೆಯ ಕಡೆಗೆ, ಅರ್ಧ ನೀರಿನ ಕಡೆಗೆ ಒಲಿಯುವಂತೆ ಮಾಡಬೇಕು. ಎಣ್ಣೆಯ ಒಲವು ಹೆಚ್ಚಾದರೆ ಕಣಗಳು ಎಣ್ಣೆಯೊಳಗೆ ಮುಳುಗಿ ಹೋಗುತ್ತವೆ. ನೀರಿನ ಒಲವು ಹೆಚ್ಚಾದರೆ ನೀರಲ್ಲಿ ಉಳಿದುಬಿಡುತ್ತವೆ. ಹದ ಸರಿಯಾದರೆ ಮಾತ್ರ ಒಂದೊಂದು ಎಣ್ಣೆಹನಿಯ ಸುತ್ತಲೂ ಒತ್ತೊತ್ತಾಗಿ ಕೂತು ಚಿಪ್ಪು ಕಟ್ಟುತ್ತವೆ. ಆಮೇಲೆ ಎರಡು ಹನಿಗಳು ಎದುರಾಬದುರಾದರೂ ಕೂಡಿಕೊಳ್ಳಲಾರವು.

ಹೇಳಲು ಇಷ್ಟೇ. ಮಾಡಲು ಹದಿನಾಲ್ಕು ತಿಂಗಳು ಹಿಡಿದಿತ್ತು. ನೂರ ಹದಿಮೂರು ಬಾಟಲಿಗಳು ಒಂದಾದ ಮೇಲೊಂದು ಹಾಲು ಒಡೆದ ಹಾಗೆ ಒಡೆದು ಎಣ್ಣೆ ಮೇಲೆ, ನೀರು ಕೆಳಗೆ ಆಗಿ ಅವಳ ಮುಖಕ್ಕೆ ಹೊಡೆದಿದ್ದವು. ನೂರ ಹದಿನಾಲ್ಕನೆಯದು ಮಾತ್ರ ಒಡೆಯಲಿಲ್ಲ. ಒಂದು ದಿನ ಹೋಯಿತು, ಒಂದು ವಾರ ಹೋಯಿತು, ಹದಿನೆಂಟು ದಿನವಾದವು. ಅವಳ ಪಿಎಚ್.ಡಿ. ಗೈಡ್ ಡಾಕ್ಟರ್ ಅಂದಾನಿಯವರು ಗದಗಿನ ಕಡೆಯವರು. ಹೊಗಳಿಕೆಯ ವಿಷಯದಲ್ಲಿ ಬಹಳ ಬಿಗಿ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಮೂವತ್ತು ದಿನ ಆಗ್ಲಿ. ಆಮ್ಯಾಲೆ ಕಾಸೂಣು, ತಣ್ಣಗ ಮಾಡೂಣು, ಗರಗರ ತಿರುವೂಣು. ಆಗೂ ನಿಂತ್ರ ನೋಡೂಣು" ಎಂದಿದ್ದರು. ಅವರ ಬಾಯಲ್ಲಿ "ನೋಡೂಣು" ಎಂಬುದೇ ದೊಡ್ಡ ಪ್ರಶಸ್ತಿ.

ಆ ವಾರ ಗಿಂಡಿಯಲ್ಲಿದ್ದ ಅವಳ ಸಂಶೋಧನಾ ಸಂಸ್ಥೆಯಲ್ಲಿ ಟ್ರಾನ್ಸ್‌ಫಾರ್ಮರ್ ಬದಲಿಸುತ್ತಿದ್ದರು. ಮೂರು ದಿನ ಕರೆಂಟಿಲ್ಲ, ಎ.ಸಿ. ಇಲ್ಲ, ಪ್ರಯೋಗಾಲಯಕ್ಕೆ ಬೀಗ. ಮೇ ತಿಂಗಳ ಮದ್ರಾಸಿನ ಸೆಕೆಯಲ್ಲಿ ಕೂಸನ್ನು ಬೀಗ ಹಾಕಿದ ಕೋಣೆಯಲ್ಲಿ ಬಿಟ್ಟುಬರಲು ಮಾನ್ಯಾಳ ಮನಸ್ಸು ಒಪ್ಪಲಿಲ್ಲ. ಯಾರಿಗೂ ಹೇಳದೆ ಬ್ಯಾಗಿನಲ್ಲಿಟ್ಟುಕೊಂಡು ವೇಲಚೇರಿಯ ಮನೆಗೆ ತಂದುಬಿಟ್ಟಳು. ಊಟದ ಮೇಜಿನ ಮೇಲೆ, ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ ಇಟ್ಟಳು. ಫೋಟೋಗೆ ಅಡ್ಡ ಬರಬಾರದೆಂದು ನಂಬರು ಬರೆದ ಚೀಟಿಯನ್ನು ಬಾಟಲಿಯ ತಳಕ್ಕೆ ಅಂಟಿಸಿದ್ದಳು.

ಒಂದು ಗಂಟೆಗೆ ಅವಳು ಕೋಣೆಯಿಂದ ಹೊರಗೆ ಬಂದಾಗ ಮೇಜು ಬರಿದಾಗಿತ್ತು.

"ಅಜ್ಜೀ, ಇಲ್ಲಿದ್ದ ನನ್ ಬಾಟಲ್ ಎಲ್ಲಿ?"

ಅಂಬುಜಮ್ಮನವರು ಸೋಫಾದ ಮೇಲೆ ಕಾಲು ಚಾಚಿಕೊಂಡು ಟಿ.ವಿ. ನೋಡುತ್ತಿದ್ದರು. ಎಂಬತ್ತೊಂದು ವರ್ಷದ, ತಿರುವಲ್ಲಿಕ್ಕೇಣಿಯಲ್ಲಿ ಹುಟ್ಟಿ ಬೆಳೆದ, ಕಿವಿ ಚುರುಕಾದ ಮುದುಕಿ. ಮನೆಯಲ್ಲಿ ಇದ್ದವರು ಅಂದು ಅವರಿಬ್ಬರೇ. ಮಾನ್ಯಾಳ ಅಪ್ಪ, ಅಮ್ಮ ಬೆಳಿಗ್ಗೆಯೇ ಚಿಕ್ಕಪ್ಪನ ಮನೆಗೆ ಹೋಗಿದ್ದರು. ಚಿಕ್ಕಪ್ಪ ಸುಶಮೀಂದ್ರನ ಮಗಳು ಪ್ರೇರಣಾಗೆ ಅಂದು ಸಾಯಂಕಾಲ ಪುರಸೈವಾಕ್ಕಂನ ಹೋಟೆಲೊಂದರ ಮಹಡಿಯಲ್ಲಿ ಸೀಮಂತ.

"ಯಾವ ಬಾಟಲ್ ಮ್ಮಾ? ಇಲ್ಲಿ ಏನೂ ಇರ್ಲಿಲ್ವೇ. ಸುಶಮೀಂದ್ರ ಬಂದು ಕೆನೆ ಬಾಟಲ್ ತೊಗೊಂಡ್ ಹೋದ, ಅಷ್ಟೇ."

"ಕೆನೆನಾ?"

"ಹತ್ತು ದಿವಸದಿಂದ ಕೂಡಿಸಿ, ಹೆಪ್ಪು ಹಾಕಿ ಇಟ್ಟಿದ್ನಲ್ಲ. ಬಸುರಿ ಹುಡುಗಿ ಎಲೆಗೆ ಮನೆ ತುಪ್ಪಾನೇ ಬೀಳ್ಬೇಕು, ಕಡೇಲಿ ದುಡ್ಡು ಕೊಟ್ಟು ತಂದ ತುಪ್ಪ ಬೇಡ ಅಂತ. ಹೋಟೆಲ್ ಅಡಿಗೆಯವ್ರು ಕಡೆದು ಬೆಣ್ಣೆ ತೆಗೀತಾರೆ. ಅವನು ಬಂದಾಗ ನಾನು ಜಪದಲ್ಲಿದ್ದೆ, ಮಾತಾಡೋ ಹಾಗಿಲ್ಲ. ಫ್ರಿಡ್ಜ್ ಕಡೆ ಕೈ ತೋರಿಸ್ದೆ."

ಮಾನ್ಯಾ ಅಜ್ಜಿ ಜಪಕ್ಕೆ ಕೂರುವ ಮಣೆಯನ್ನು ನೋಡಿದಳು. ಅಲ್ಲಿಂದ ಫ್ರಿಡ್ಜಿನ ಕಡೆಗೆ ಬೆರಳು ಚಾಚಿದರೆ ನಡುವೆ ಊಟದ ಮೇಜು ಬರುತ್ತದೆ. ಓಡಿ ಹೋಗಿ ಫ್ರಿಡ್ಜಿನ ಬಾಗಿಲು ತೆಗೆದಳು. ಅಗಲ ಬಾಯಿಯ, ಕೆಂಪು ಮುಚ್ಚಳದ ಗಾಜಿನ ಬಾಟಲಿಯೊಂದು ತಣ್ಣಗೆ ಕೂತಿತ್ತು. ಎತ್ತಿ ತಳ ನೋಡಿದಳು, ಚೀಟಿ ಇಲ್ಲ. ಮುಚ್ಚಳ ತೆಗೆದು ಮೂಸಿದಳು. ಅಪ್ಪಟ ಹುಳಿಗೆನೆ.

ತಪ್ಪು ಅವಳದೇ. ಪ್ರಯೋಗಾಲಯಕ್ಕೆಂದು ಸೌಕಾರ್‌ಪೇಟೆಯ ಸಗಟು ಅಂಗಡಿಯಿಂದ ಒಂದು ಡಜನ್ ಬಾಟಲಿ ತಂದಾಗ, ಚೆನ್ನಾಗಿವೆ ಎಂದು ಅಮ್ಮ ನಾಲ್ಕನ್ನು ಅಡುಗೆಮನೆಗೆ ಇಟ್ಟುಕೊಂಡಿದ್ದಳು. "ಒಂದೇ ಥರ ಇರೋದು ಮನೇಲಿ ಬೇಡಮ್ಮಾ" ಎನ್ನುವ ಬುದ್ಧಿ ಆಗ ಮಾನ್ಯಾಳಿಗೆ ಹೊಳೆದಿರಲಿಲ್ಲ.

"ಅಜ್ಜೀ! ಚಿಕ್ಕಪ್ಪ ನನ್ ನೂರ ಹದಿನಾಲ್ಕನ್ನ ತೊಗೊಂಡ್ ಹೋಗಿದಾರೆ!"

"ಅಯ್ಯೋ ರಾಮಾ, ನೂರ ಹದಿನಾಲ್ಕು ಏನೂ?" ಎಂದರು ಅಂಬುಜಮ್ಮ, ದುಡ್ಡೋ ಒಡವೆಯೋ ಎಂದು ಗಾಬರಿಯಾಗಿ.

ಚಿಕ್ಕಪ್ಪನಿಗೆ ಮೂರು ಸಲ ಫೋನ್ ಮಾಡಿದ ಮೇಲೆ ಅವನು ಎತ್ತಿದ.

"ಹೇಳಮ್ಮಾ. ಮನೆ ಮುಂದೇನೇ ಇದೀನಿ, ಸರಿಯಾದ ವೆಯಿಲು, ತಲೆ ಬೇಯ್ತಿದೆ."

"ಚಿಕ್ಕಪ್ಪಾ, ಆ ಬಾಟಲ್ ಎಲ್ಲಿ?"

"ಕೊಟ್ಟಾಯ್ತಲ್ಲ! ಮೊದ್ಲು ಸೌಕಾರ್‌ಪೇಟೆಗೆ ಹೋಗಿ ಬಳೆ ತೊಗೊಂಡೆ. ಅಲ್ಲಿ ಒಂದೂಕಾಲ್ ಗಂಟೆ ಆಯ್ತು, ಅಷ್ಟು ಕೂಟ. ಆಮೇಲೆ ಸೀದಾ ಪುರಸೈವಾಕ್ಕಂ, ಹೋಟೆಲ್ ಗಲ್ಲಾದಲ್ಲಿರೋ ಸದಾನಂದನ ಕೈಗೆ ಕೊಟ್ಟು ಬಂದೆ."

"ಒಂದೂಕಾಲ್ ಗಂಟೆ ಬಾಟಲ್ ಎಲ್ಲಿತ್ತು?"

"ವಂಡಿ ಸೀಟ್ ಕೆಳಗೆ. ಸೇಫಾಗಿತ್ತು. ಕೈ ಇಟ್ಟು ನೋಡ್ದೆ, ಕಾಫಿ ಥರ ಬಿಸಿ ಆಗಿತ್ತು. ಕೆನೆಗೆ ಏನೂ ಆಗಲ್ಲ, ಭಯಪಡಬೇಡ."

ಮಾನ್ಯಾ ಫೋನ್ ಇಟ್ಟಳು. ಬಿಸಿಲಲ್ಲಿ ನಿಂತ ಸ್ಕೂಟರ್ ಸೀಟಿನ ಕೆಳಗೆ! ಐವತ್ತು ಡಿಗ್ರಿ? ಐವತ್ತೈದು? ಆದರೆ ಅದಕ್ಕಿಂತ ದೊಡ್ಡ ಸಂಗತಿಯೊಂದು ಆಗ ಹೊಳೆಯಿತು. ಅದು ತಿನ್ನುವ ವಸ್ತುವಲ್ಲ. ಬಸುರಿಯ ಎಲೆಗೆ ಹೋಗಬಾರದ ವಸ್ತು ಅದು.

ಹೋಟೆಲಿಗೆ ಫೋನ್ ಮಾಡಿದಳು. ಮಧ್ಯಾಹ್ನದ ಊಟದ ಹೊತ್ತು. ಆ ಕಡೆ ಸ್ಟೀಲು ತಟ್ಟೆಗಳ ಸದ್ದು, "ಟೋಕನ್ ನಲವತ್ತೆರಡು" ಎಂಬ ಕೂಗು, ಯಾವುದೋ ಗ್ರೈಂಡರಿನ ಗುರ್ ಗುರ್.

"ನಾನು ಸುಶಮೀಂದ್ರ ಅವರ ಅಣ್ಣನ ಮಗಳು ಮಾತಾಡ್ತಿರೋದು. ಅವರು ಕೊಟ್ಟ ಕೆನೆ ಮುಟ್ಟಬೇಡಿ!"

"ಹಾಂ ಹಾಂ, ಮುಟ್ಟಿಯಾಯ್ತು ಮಾರಾಯ್ರೆ, ನಮ್ಮ ಕೈ ಸೇರಿತು, ಎಂತ ಹೆದರಿಕೆ ಬೇಡ" ಎಂದ ಸದಾನಂದ ಉತ್ಸಾಹದಿಂದ. "ಬಿಸಿ ಇತ್ತು. ಬಿಸಿ ಕೆನೆಯಲ್ಲಿ ಬೆಣ್ಣೆ ಬರೂದಿಲ್ಲ. ನಮ್ಮ ಅಡಿಗೆ ನಾಗರಾಜ ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ಊಟದ ರಶ್ ಇಳಿದ ಕೂಡ್ಲೇ ಕಡೀತಾನೆ."

"ಬೇಡಾ! ಕಡೀಬೇಡಿ! ಅದು ಕೆನೆ ಅಲ್ಲ!"

"ಬೇಗ ಬೇಕಾ? ಆಯ್ತು, ಆಯ್ತು, ಈಗ್ಲೇ ಹೇಳ್ತೆ" ಎಂದು ಅವನು ಫೋನ್ ಇಟ್ಟುಬಿಟ್ಟ. ಮತ್ತೆ ಎಷ್ಟು ಸಲ ಮಾಡಿದರೂ ಲೈನು ಸಿಗಲಿಲ್ಲ.

ಮಾನ್ಯಾ ಅಸಲಿ ಕೆನೆಯ ಬಾಟಲಿಯನ್ನು ಎದೆಗವಚಿಕೊಂಡು ಹೊರಗೆ ಓಡಿದಳು. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗಲೇ ಗೊತ್ತಾದದ್ದು, ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಅಪ್ಪನದು. ರೈಲು ಬಂತು. ಹತ್ತಿ ಕೂತಳು. ಮಡಿಲಲ್ಲಿ ಕೆನೆ, ಕಾಲಲ್ಲಿ ಜೊತೆಗೂಡದ ಚಪ್ಪಲಿ, ನೆತ್ತಿಯಲ್ಲಿ ಬೆವರು. ಎದುರಿಗೆ ಕೂತಿದ್ದ ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕದ ಸೀಟಿಗೆ ಸರಿದು ಕೂತಳು.

ಅಂದಾನಿಯವರಿಗೆ ಹೇಳದೆ ಇರುವ ಹಾಗಿರಲಿಲ್ಲ. ಹೇಳುವ ಧೈರ್ಯವೂ ಇರಲಿಲ್ಲ. ಮೂರು ಸ್ಟೇಷನ್ ಕಳೆಯುವ ತನಕ ಫೋನನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ, ಕಡೆಗೆ ಕಣ್ಣು ಮುಚ್ಚಿ ಒತ್ತಿಯೇಬಿಟ್ಟಳು. ಒಂದೇ ಉಸಿರಿಗೆ ಎಲ್ಲವನ್ನೂ ಒದರಿದಳು.

"ಮದಲ ಇದನ್ನ ಹೇಳು" ಎಂದರು ಅಂದಾನಿಯವರು. "ಯಾರರೆ ತಿಂದಾರೇನು?"

"ಗೊತ್ತಿಲ್ಲ ಸರ್."

"ತಿಂದ್ರ ಜೀವಕ್ಕೇನೂ ಆಗೂದಿಲ್ಲ, ಅಳಬ್ಯಾಡ. ಆದ್ರ ತಿನ್ನೂ ವಸ್ತು ಅಲ್ಲ ಅದು, ಯಾರ ಬಾಯಿಗೂ ಹೋಗಬಾರ್ದು. ಯಾವ ಹೋಟೆಲ್ ಅಂದಿ?" ಹೆಸರು ಕೇಳಿಕೊಂಡರು. "ನೀ ನಡಿ. ನಾನೂ ಹೊಂಟೆ."

ಪಾರ್ಕ್ ಟೌನಿನಲ್ಲಿ ಇಳಿದು ಆಟೋ ಹಿಡಿದಳು. "ಅಣ್ಣಾ, ಸೀಕ್ರಂ ಪೋಂಗ, ಉಯಿರ್ ಪೋಗುದು!" ಎಂದಳು. ಜೀವ ಹೋಗುತ್ತಿದೆ ಎಂಬ ಆ ಮಾತಿಗೆ ಯಾರೋ ಸಾಯುತ್ತಿದ್ದಾರೆಂದೇ ತಿಳಿದ ಆಟೋದವನು, ದಾರಿಯಿಲ್ಲದ ಕಡೆಯೆಲ್ಲ ದಾರಿ ಮಾಡಿಕೊಂಡು, ಸೀರೆ ಅಂಗಡಿಗಳ ಮುಂದೆ ಜಮಾಯಿಸಿದ್ದ ಜನರನ್ನು ಹಾರ್ನಿನಲ್ಲೇ ಸೀಳಿಕೊಂಡು ಹೋದ. ಇಳಿಯುವಾಗ "ಯಾವ ಆಸ್ಪತ್ರೆಮ್ಮಾ?" ಎಂದು ತಮಿಳಿನಲ್ಲಿ ಕೇಳಿದ. ಅವಳು ಹೋಟೆಲಿನ ಬೋರ್ಡು ತೋರಿಸಿದಳು. ಅವನು ಬೋರ್ಡು ನೋಡಿದ, ಕೆನೆಯ ಬಾಟಲಿ ನೋಡಿದ, ದುಡ್ಡು ಎಣಿಸಿಕೊಂಡು ಹೊರಟುಹೋದ.

ಗಲ್ಲಾದಲ್ಲಿ ಕೂತಿದ್ದ ಸದಾನಂದನನ್ನು ದಾಟಿ ಅವಳು ನೇರ ಅಡುಗೆಮನೆಗೆ ನುಗ್ಗಿದಳು. ಒಳಗೆ ಒಂದು ವಿಚಿತ್ರ ದೃಶ್ಯ. ಏಳೆಂಟು ಮಂದಿ ಕೆಲಸಗಾರರು ಸುತ್ತುಗಟ್ಟಿ ನಿಂತಿದ್ದರು. ನಡುವೆ, ಬಿಳಿ ಪಂಚೆ ಮೇಲೆ ಕಟ್ಟಿ, ಹೆಗಲಿಗೆ ಕೆಂಪು ಪಾಣಿಪಂಚೆ ಹೊದ್ದ ಒಬ್ಬ ಐವತ್ತು ದಾಟಿದ ಮನುಷ್ಯ ನೆಲದ ಮೇಲೆ ಕೂತು, ಎರಡು ಕಾಲುಗಳ ನಡುವೆ ಪಾತ್ರೆ ಇಟ್ಟುಕೊಂಡು, ಮರದ ಕಡೆಗೋಲನ್ನು ಹಗ್ಗದಿಂದ ಸರಕ್ ಪರಕ್ ಎಂದು ಎಳೆಯುತ್ತಿದ್ದ. ಮೈಯೆಲ್ಲ ಬೆವರು. ಪಕ್ಕದಲ್ಲಿ ಸೋತು ಕೂತ ಮಿಕ್ಸಿ. ಅವನೇ ನಾಗರಾಜ, ಹೋಟೆಲಿನ ಮುಖ್ಯ ಅಡುಗೆಯವನು, ಕುಂದಾಪುರದ ಕಡೆಯವನು.

"ನಿಲ್ಲಿಸಿ! ನಿಲ್ಲಿಸಿ!"

ನಾಗರಾಜ ತಲೆಯೆತ್ತಿದ. ಅವನ ಕಣ್ಣಲ್ಲಿ ಸೋತ ಪೈಲವಾನನ ನೋವಿತ್ತು.

"ಹೋಯ್, ಇದ್ ನಿಮ್ಮನಿ ಕೆನೆಯಾ ಅಮ್ಮಾ? ಎಂತ ದನದ್ದ್ ಮಾರಾಯ್ರೆ ಇದ್? ಮಿಕ್ಸಿಯಂಗ್ ಹಾಕಿ ಹದಿನೈದ್ ನಿಮಿಷ ತಿರ್ಗ್ಸ್ದೆ. ಬರ್ಲಿಲ್ಲ. ಮತ್ತ್ ಐಸ್ ಹಾಕ್ದೆ. ಬರ್ಲಿಲ್ಲ. ಈಗ ಕಡಗೋಲ್ ಹಿಡ್ದ್ ಅರ್ಧ ಗಂಟಿ ಆಯ್ತ್. ಕಡ್ದ್ ಕಡ್ದ್ ರಟ್ಟಿ ಸೋತ್ ಹೋಯ್ತ್. ಬೆಣ್ಣಿ ಬಪ್ಪುದೇ ಇಲ್ಲ! ಮೂವತ್ತೊಂದ್ ವರ್ಷ ಆಯ್ತ್ ನಾನ್ ಈ ಕೆಲ್ಸಕ್ಕ್ ಬಂದ್. ನನ್ ಕೈಲಿ ಬೆಣ್ಣಿ ಬಾರದ್ದ್ ಕೆನೆ ಇದ್ವರಿಗೆ ಕಂಡದ್ದಿಲ್ಲ."

"ನೀವು ರುಚಿ ನೋಡಿದ್ರಾ? ಯಾರಾದ್ರೂ ಬಾಯಿಗೆ ಹಾಕ್ಕೊಂಡ್ರಾ?"

ನಾಗರಾಜನ ಮುಖ ಕೆಂಪಾಯಿತು. "ಎಂತ ಮಾತ್ ಅಮ್ಮಾ ಇದ್! ದೇವ್ರಿಗ್ ನೈವೇದ್ಯ ಆಯ್ದೆ ಬಾಯಿಗ್ ಹಾಕುದಾ? ವಾಸ್ನಿ ಮೇಲೇ ಉಪ್ಪ್ ಹೇಳು ಜನ ನಾವ್." ಸ್ವಲ್ಪ ತಡೆದು, ದನಿ ತಗ್ಗಿಸಿ ಸೇರಿಸಿದ: "ಆರೆ ಇದ್ರಂಗೆ ವಾಸ್ನಿಯೂ ಇಲ್ಲ ಕಾಣಿ. ಅದೇ ನಂಗ್ ಅನುಮಾನ."

ಮಾನ್ಯಾ ಅಲ್ಲೇ ಅವನ ಎದುರು ನೆಲದ ಮೇಲೆ ಕೂತುಬಿಟ್ಟಳು. ಯಾರೂ ತಿಂದಿಲ್ಲ. ಯಾರ ಬಾಯಿಗೂ ಹೋಗಿಲ್ಲ.

ಆಮೇಲೆ ಪಾತ್ರೆಯೊಳಗೆ ಇಣುಕಿದಳು.

ಬೆಳ್ಳಗೆ, ಗಟ್ಟಿಯಾಗಿ, ನುಣ್ಣಗೆ ಇತ್ತು. ಮೇಲೆ ಎಣ್ಣೆಯ ಒಂದು ಗೆರೆಯೂ ಇಲ್ಲ. ತಳದಲ್ಲಿ ನೀರು ಬಿಟ್ಟಿಲ್ಲ. ಪಾತ್ರೆಯನ್ನು ಓರೆ ಮಾಡಿದಳು. ದಪ್ಪ ಮೊಸರಿನ ಹಾಗೆ ಮೆಲ್ಲಗೆ ಜಾರಿತು. ಬೆಳಕಿಗೆ ಹಿಡಿದಳು. ಮತ್ತೆ ಓರೆ ಮಾಡಿದಳು. ಸ್ಕೂಟರಿನ ಸೀಟಿನ ಕೆಳಗೆ ಬೆಂದಿತ್ತು. ಐಸಿನಲ್ಲಿ ನಡುಗಿತ್ತು. ಮಿಕ್ಸಿಯಲ್ಲಿ ಹದಿನೈದು ನಿಮಿಷ, ಕಡೆಗೋಲಿನಲ್ಲಿ ಅರ್ಧ ಗಂಟೆ. ಮೂವತ್ತೊಂದು ವರ್ಷದ ಅನುಭವದ ಕೈ ಅದನ್ನು ಒಡೆಯಲೆಂದೇ ಪಣ ತೊಟ್ಟು ಕೂತಿತ್ತು. ಆದರೂ ಒಡೆದಿರಲಿಲ್ಲ.

ಹೊಟ್ಟೆಯ ಆಳದಿಂದ ಏನೋ ಗುಳುಗುಳು ಎಂದು ಮೇಲೆದ್ದು ಬಂತು. ಮೊದಲು ಬಿಕ್ಕಳಿಕೆಯೆನಿಸಿತು. ಆಮೇಲೆ ನಗು ಎಂದು ತಿಳಿಯಿತು. ತಡೆಯಲಾಗಲಿಲ್ಲ. ನಗುತ್ತ ನಗುತ್ತ ಎದ್ದು ನಿಂತಳು, ನಾಗರಾಜನ ಬೆವೆತ ಕೈಗಳೆರಡನ್ನೂ ಹಿಡಿದುಕೊಂಡು ಅಲುಗಾಡಿಸಿದಳು, ಅಪ್ಪನ ಚಪ್ಪಲಿ ಕಾಲಿನಿಂದ ಹಾರಿ ಈರುಳ್ಳಿ ಬುಟ್ಟಿಗೆ ಬಿತ್ತು.

"ಬರ್ಲಿಲ್ಲ! ಬೆಣ್ಣೆ ಬರ್ಲಿಲ್ಲ! ಅಯ್ಯೋ ನಾಗರಾಜಣ್ಣಾ, ನೀವು ದೇವರು!"

"ಬಿಸಿಲ್ ತಾಗಿತ್ ಕಾಣತ್" ಎಂದ ನಾಗರಾಜ ಪಕ್ಕದವನಿಗೆ. "ಮಜ್ಜಿಗೆ ತಕಂಬಾ."

ಮಜ್ಜಿಗೆ ಕುಡಿದು, ಬಿಕ್ಕುತ್ತ ನಗುತ್ತ ಅವಳು ಕಥೆ ಹೇಳಿದಳು. ಇದು ಹಾಲಿನ ಕೆನೆಯಲ್ಲ. ಸೂರ್ಯಕಾಂತಿ ಎಣ್ಣೆ, ನೀರು, ಕಣ್ಣಿಗೆ ಕಾಣದ ಮರಳು. ಹದಿನಾಲ್ಕು ತಿಂಗಳ ಕೆಲಸ. ಇದು ಒಡೆಯದೆ ಇರಬೇಕು ಎನ್ನುವುದೇ ಹಾರೈಕೆ. ಕೆಲಸಗಾರರು ಬಾಯಿ ತೆರೆದು ಕೇಳಿದರು. ನಾಗರಾಜ ಎಲ್ಲವನ್ನೂ ಕೇಳಿ, ಹಣೆಯ ಬೆವರೊರೆಸಿಕೊಂಡು, "ಹಂಗಾರ್ ನಾನ್ ಸೋತದ್ದಲ್ಲ?" ಎಂದ.

"ನೀವು ಗೆದ್ರಿ!"

"ಹಾಂ. ಹಂಗ್ ಹೇಳಿ ಮತ್ತೆ."

ಅಷ್ಟರಲ್ಲಿ ಅಂದಾನಿಯವರು ಬಂದರು. ಅಂಗಿ ಬೆನ್ನಿಗೆ ಅಂಟಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಕೈಯಲ್ಲಿ ನೋಟ್‌ಬುಕ್ಕು. ಮಾನ್ಯಾಳ ನಗು ತಟ್ಟನೆ ನಿಂತಿತು. ಅವರು ಅವಳನ್ನು ನೋಡದೆ ಪಾತ್ರೆಯ ಬಳಿ ಕುಕ್ಕರುಗಾಲಲ್ಲಿ ಕೂತರು. ಬಹಳ ಹೊತ್ತು ನೋಡಿದರು.

"ಯಾರೂ ತಿಂದಿಲ್ಲ ಸರ್."

"ಹ್ಞೂಂ" ಎಂದವರು ನಾಗರಾಜನ ಕಡೆ ತಿರುಗಿದರು. "ನೀವಾ ಕಡದವ್ರು?"

"ಹೌದ್."

"ಮಿಕ್ಸಿ ಎಷ್ಟನೇ ನಂಬರಿನ್ಯಾಗ ಇಟ್ಟಿದ್ರಿ?"

"ಮೂರ್."

"ಹದಿನೈದು ನಿಮಿಷ ಅಂತೀರಿ. ಗಡಿಯಾರ ನೋಡಿದ್ರೇನು, ಅಂದಾಜಿಗೆ ಹೇಳ್ತೀರೇನು?"

"ಮೂರ್ ಸಲ ಐದೈದ್ ನಿಮಿಷ. ಒಟ್ಟಿಗ್ ತಿರ್ಗ್ಸ್ರೆ ಮಿಕ್ಸಿ ಸುಡತ್ ಅಲ್ದಾ?"

ಅಂದಾನಿಯವರು ಗಂಭೀರವಾಗಿ ಬರೆದುಕೊಂಡರು. ಐಸು ಎಷ್ಟು ಹೊತ್ತು, ಪಾತ್ರೆ ಯಾವುದು, ಒಂದು ಎಳೆತಕ್ಕೆ ಕಡೆಗೋಲು ಎಷ್ಟು ಸುತ್ತು ತಿರುಗುತ್ತದೆ. ನಾಗರಾಜ ಹಗ್ಗ ಎಳೆದು ತೋರಿಸಿದ, ಒಬ್ಬ ಕೆಲಸಗಾರ ಜೋರಾಗಿ ಎಣಿಸಿದ. ಪೊಲೀಸು ಪಂಚನಾಮೆಯಂತೆ ಅದೊಂದು ಇಪ್ಪತ್ತು ನಿಮಿಷ ನಡೆಯಿತು. ಕಡೆಗೆ ಅಂದಾನಿಯವರು ಎರಡು ಗಾಜಿನ ಲೋಟ ಕೇಳಿ ಪಡೆದರು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಎಣ್ಣೆ. ಚಮಚದ ತುದಿಯಲ್ಲಿ ಒಂದು ಹನಿ ತೆಗೆದು ನೀರಿಗೆ ಬಿಟ್ಟರು. ಹೊಗೆಯ ಹಾಗೆ ಹರಡಿಕೊಂಡು ನೀರೆಲ್ಲ ಮಬ್ಬಾಯಿತು. ಇನ್ನೊಂದು ಹನಿಯನ್ನು ಎಣ್ಣೆಗೆ ಬಿಟ್ಟರು. ಅದು ಮುತ್ತಿನಂತೆ ದುಂಡಗಾಗಿ ತಳಕ್ಕಿಳಿದು ಕೂತಿತು.

"ಹೊರಗ ನೀರು, ಒಳಗ ಎಣ್ಣಿ. ಇದ್ದಂಗ ಐತಿ" ಎಂದರು ಮೆಲ್ಲಗೆ.

ಮಾನ್ಯಾ ಅವರ ಬಾಯನ್ನೇ ನೋಡಿದಳು. ಇನ್ನೇನು "ನೋಡೂಣು" ಎನ್ನುತ್ತಾರೆ. ಅವರು ಕನ್ನಡಕ ತೆಗೆದರು, ಅಂಗಿಯ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಅವರ ಭುಜ ಅಲುಗತೊಡಗಿತು. ಆರು ವರ್ಷಗಳಿಂದ ಅವರ ಪ್ರಯೋಗಾಲಯದಲ್ಲಿ ಯಾರೂ ನೋಡಿರದ ಸಂಗತಿ ಅದು. ಅಂದಾನಿಯವರು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವ ಹಾಗೆ, ಅಡುಗೆಮನೆಯ ನೆಲದ ಮೇಲೆ ಕೂತು.

"ಏನವಾ ಮಾನ್ಯಾ, ಮೂವತ್ತು ದಿನ ಕಾಯ್ಲಿಕ್ಕೂ ತಡ್ಕೋಲಿಲ್ಲಲ್ಲ ಈ ನಿನ್ನ ಬಾಟ್ಲಿ! ತಾನ ಎದ್ದು ಪರೀಕ್ಷಾಕ್ಕ ಬಂದೈತಿ!" ನಗು ನಿಂತ ಮೇಲೆ ಬೆರಳೆತ್ತಿದರು. "ಆದ್ರ ಕೇಳು. ಹೇಳ್ದ ಕೇಳ್ದ ಮನೀಗೆ ಒಯ್ದದ್ದು ಮಹಾ ತಪ್ಪು. ಚೀಟಿ ತಳಕ್ಕ ಹಚ್ಚಿದ್ದು ಅದಕ್ಕಿಂತ ದೊಡ್ಡ ತಪ್ಪು. ಮತ್ತ ಇದು ಪ್ರಯೋಗ ಅಲ್ಲ, ಅಪಘಾತ. ಎಲ್ಲಾ ಮತ್ತ ಮದಲಿಂದ ಮಾಡ್ಬೇಕು."

"ಮಾಡ್ತೀನಿ ಸರ್! ನೂರು ಸಲ ಮಾಡ್ತೀನಿ!"

ಆಗ ಸದಾನಂದ ಗಲ್ಲಾ ಬಿಟ್ಟು ಬಂದು, ಸಾಯಂಕಾಲ ಐದಕ್ಕೆ ಸೀಮಂತ, ತುಪ್ಪಕ್ಕೆ ಎಂತ ಮಾಡುವುದು ಎಂದು ಕೇಳಿದ. ಎಲ್ಲರೂ ಮಾನ್ಯಾಳ ಕಡೆ ನೋಡಿದರು. ಅವಳು ಅಸಲಿ ಬಾಟಲಿಯನ್ನು ಎರಡು ಕೈಯಲ್ಲೂ ಹಿಡಿದು ನಾಗರಾಜನಿಗೆ ಒಪ್ಪಿಸಿದಳು. ಅವನು ಮುಚ್ಚಳ ತೆಗೆದು ಮೂಸಿದ. ಮುಖ ಅರಳಿತು.

"ಹಾಂ! ಇದಪ್ಪ ಕೆನೆ!"

ಹೊಸ ಪಾತ್ರೆ, ಹೊಸ ಕಡೆಗೋಲು ಬಂತು. ಹಳೆಯ ಪಾತ್ರೆ, ಮಿಕ್ಸಿ ಜಾರು, ಕಡೆಗೋಲು, ಚಮಚ, ಲೋಟಗಳನ್ನೆಲ್ಲ ಅಂದಾನಿಯವರು ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಗಂಟು ಹಾಕಿದರು; ಇವು ಇನ್ನು ಅಡುಗೆಗೆ ಕೂಡದು, ಹೊಸವನ್ನು ತಾನೇ ಕೊಡಿಸುತ್ತೇನೆ ಎಂದರು. ನಾಗರಾಜ ಹಗ್ಗ ಎಳೆದ. ಒಂದು ನಿಮಿಷ, ಎರಡು ನಿಮಿಷ. ಆರನೆಯ ನಿಮಿಷಕ್ಕೆ ಪಾತ್ರೆಯೊಳಗಿನ ಸದ್ದು ಬದಲಾಯಿತು, ಹಳದಿ ಬೆಣ್ಣೆ ಮುದ್ದೆಮುದ್ದೆಯಾಗಿ ತೇಲಿಬಂತು. ಅಡುಗೆಮನೆ ತುಂಬ "ಓ!" ಎಂಬ ಕೂಗು. ನಾಗರಾಜ ಬೆಣ್ಣೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು ಸುತ್ತಲೂ ತೋರಿಸಿದ, ಕಪ್ಪು ಗೆದ್ದವನ ಹಾಗೆ.

ಸಾಯಂಕಾಲ ಅಂಬುಜಮ್ಮ ಕಾರಿನಿಂದಿಳಿದು ಮಹಡಿ ಹತ್ತಿ ಬರುವ ಹೊತ್ತಿಗೆ ತುಪ್ಪದ ಘಮ ಮೆಟ್ಟಿಲಿನ ತನಕ ಬಂದಿತ್ತು. ಪ್ರೇರಣಾ ಕೈತುಂಬ ಹಸಿರು ಬಳೆ ತೊಟ್ಟು, ಮಲ್ಲಿಗೆ ಮುಡಿದು ಕೂತಿದ್ದಳು. ಸುಶಮೀಂದ್ರ ಎಲ್ಲರ ಮುಂದೆಯೂ ಕಿವಿ ಹಿಡಿದುಕೊಂಡು, "ಶರಿ ಮ್ಮಾ, ತಪ್ಪಾಯ್ತು, ಇನ್ಮೇಲೆ ಬಾಟಲ್ ತಳ ನೋಡ್ದೆ ಏನೂ ಎತ್ತಲ್ಲ" ಎಂದ. ಮಾನ್ಯಾ ಅವನ ಕೈಬಿಡಿಸಿ, "ನೀವು ಸೌಕಾರ್‌ಪೇಟೆಯಲ್ಲಿ ಇನ್ನೊಂದರ್ಧ ಗಂಟೆ ಇರ್ಬೇಕಿತ್ತು ಚಿಕ್ಕಪ್ಪಾ" ಎಂದಳು. ಅವನಿಗೆ ಅದು ಬೈಗಳೋ ಹೊಗಳಿಕೆಯೋ ತಿಳಿಯಲಿಲ್ಲ.

ಅಜ್ಜಿಯ ಪಕ್ಕದಲ್ಲಿ ಕೂತು ಮಾನ್ಯಾ ನಡೆದದ್ದನ್ನೆಲ್ಲ ಹೇಳಿದಳು. ಅಂಬುಜಮ್ಮ ಗಮನವಿಟ್ಟು ಕೇಳಿದರು.

"ಅದೇನೋ ಸರಿ. ಬೆಣ್ಣೆ ಬರದೇ ಇರೋ ಕೆನೆ ಯಾತಕ್ಕೆ ಮ್ಮಾ?"

"ಔಷಧಿಗೆ ಅಜ್ಜಿ. ಮುಲಾಮು ಇರತ್ತಲ್ಲ, ಅದ್ರಲ್ಲಿ ಎಣ್ಣೆ ನೀರು ಕೂಡಿಸೋಕೆ ಸೋಪ್ ಥರದ್ದು ಹಾಕ್ತಾರೆ. ಕೆಲವ್ರ ಚರ್ಮಕ್ಕೆ ಅದು ಆಗಲ್ಲ, ಉರಿಯತ್ತೆ. ಸೋಪ್ ಬದ್ಲು ಈ ಕಣ ಹಾಕಿದ್ರೆ ಉರಿ ಕಮ್ಮಿ ಆಗ್ಬಹುದು ಅಂತ."

ಅಂಬುಜಮ್ಮ ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಬೆರಳ ಸಂದಿಗಳಲ್ಲಿ ವರ್ಷಗಟ್ಟಲೆಯಿಂದ ಒಡೆದ ಚರ್ಮ. ಡಾಕ್ಟರು ಕೊಟ್ಟ ಯಾವ ಮುಲಾಮೂ ಹಿಡಿದಿರಲಿಲ್ಲ.

"ನನ್ ಕೈಗಾಗತ್ತಾ?"

"ಇನ್ನೂ ಐದಾರು ವರ್ಷ ಬೇಕು ಅಜ್ಜಿ. ತುಂಬಾ ಪರೀಕ್ಷೆ ಇದೆ."

"ಐದಾರು ವರ್ಷಾನಾ? ನನಗೆ ಪರವಾಗಿಲ್ಲ, ಇರ್ತೀನಿ. ನೀನು ನಿದ್ದೆ ಮಾಡ್ದೆ ಕೆಲಸ ಮಾಡು" ಎಂದರು ಅಂಬುಜಮ್ಮ. ಮೊಮ್ಮಗಳು ಮೂರು ವರ್ಷದಿಂದ ಏನು ಓದುತ್ತಿದ್ದಾಳೆಂದು ಅವರು ಕೇಳಿದ್ದು ಅದೇ ಮೊದಲು. ಮಾನ್ಯಾ ಅವರ ಒರಟು ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಪಂಕ್ತಿಯ ತುದಿಯಲ್ಲಿ ಬಲವಂತಕ್ಕೆ ಕೂತಿದ್ದ ಅಂದಾನಿಯವರ ಎಲೆಗೆ ನಾಗರಾಜ ತಾನೇ ಬಂದು ಮೂರು ಹೋಳಿಗೆ ಬಡಿಸಿ, ಬೇಡವೆಂದರೂ ಮೇಲೆ ತುಪ್ಪ ಸುರಿದ. ಅಂದಾನಿಯವರು ಮೊದಲ ತುತ್ತು ತಿಂದು ತಲೆಯಾಡಿಸಿದರು. ಆಮೇಲೆ ಏನೋ ಹೊಳೆದವರಂತೆ ಅವನ ಮೊಣಕೈ ಹಿಡಿದರು.

"ನಿಮಗ ರಜಾ ಯಾವತ್ತು?"

"ಮಂಗ್ಳವಾರ. ಎಂತಕ್ಕೆ?"

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನಾಗರಾಜ ಗಿಂಡಿಗೆ ಬಂದ. ಕರೆಂಟು ಬಂದಿತ್ತು. ಪಂಚೆಯ ಮೇಲೆ ಬಿಳಿ ಕೋಟು ತೊಡಿಸಿದಾಗ ಅವನು ಕನ್ನಡಿ ಕೇಳಿದ. ಮಾನ್ಯಾ ನೂರ ಹದಿನಾಲ್ಕರ ಹದದಲ್ಲೇ ಹೊಸದಾಗಿ ಐದು ಬಾಟಲಿ ಮಾಡಿಟ್ಟಿದ್ದಳು. ಈ ಸಲ ಚೀಟಿ ಮುಂದಕ್ಕೇ ಇತ್ತು. ಪಕ್ಕದ ಪ್ರಯೋಗಾಲಯಗಳ ವಿದ್ಯಾರ್ಥಿಗಳೆಲ್ಲ ಬಾಗಿಲಲ್ಲಿ ಗುಂಪುಗೂಡಿದರು. ಅಂದಾನಿಯವರ ಕೈಯಲ್ಲಿ ಸ್ಟಾಪ್‌ವಾಚು. ನಾಗರಾಜ ಅವುಗಳಲ್ಲಿ ಮೂರನ್ನು ಒಂದೊಂದಾಗಿ ಅರ್ಧರ್ಧ ಗಂಟೆ ಕಡೆದ. ಒಂದೂ ಒಡೆಯಲಿಲ್ಲ. ಪ್ರತಿಯೊಂದು ಮುಗಿದಾಗಲೂ ಅವನೇ ಪಾತ್ರೆಯೊಳಗೆ ನೋಡಿ, "ಬರ್ಲಿಲ್ಲ!" ಎಂದು ಸಾರುತ್ತಿದ್ದ, ಬಾಗಿಲಲ್ಲಿ ಚಪ್ಪಾಳೆ ಬೀಳುತ್ತಿತ್ತು. ಅರವತ್ತು ಡಿಗ್ರಿಯಲ್ಲಿ ಎರಡು ಗಂಟೆ ಕಾಸಿದ ನಾಲ್ಕನೆಯ ಬಾಟಲಿಯೂ ನಿಂತಿತು.

ಹಿಂದಿನ ರಾತ್ರಿ ಡೀಪ್ ಫ್ರೀಜರಿನಲ್ಲಿ ಕಲ್ಲಾಗುವಂತೆ ಹೆಪ್ಪುಗಟ್ಟಿಸಿ ಇಟ್ಟಿದ್ದ ಐದನೆಯದು ಮಾತ್ರ ಕರಗುತ್ತಿದ್ದಂತೆ ಒಡೆಯಿತು. ಎಣ್ಣೆ ಮೇಲೆ, ನೀರು ಕೆಳಗೆ. ಹೋಟೆಲಿನ ಐಸ್ ಪೆಟ್ಟಿಗೆಯಲ್ಲಿ ನೂರ ಹದಿನಾಲ್ಕು ಬರೀ ತಣ್ಣಗಾಗಿತ್ತು, ಹೆಪ್ಪುಗಟ್ಟಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಇನ್ನೊಂದು ದಿನವಾಗಿದ್ದರೆ ಮಾನ್ಯಾ ಅದನ್ನು ಕಂಡು ಕುಸಿಯುತ್ತಿದ್ದಳು. ಅಂದು ಮಾತ್ರ ಬಾಟಲಿಯನ್ನು ಬೆಳಕಿಗೆ ಹಿಡಿದು, ಐಸಿನ ಹರಳುಗಳು ಎಲ್ಲಿ ಚುಚ್ಚಿರಬೇಕು, ಎಷ್ಟು ಕಣ ಹೆಚ್ಚು ಹಾಕಿದರೆ ಚಿಪ್ಪು ತಡೆದೀತು ಎಂದು ಲೆಕ್ಕ ಹಾಕತೊಡಗಿದಳು.

"ಕಾಸೂದು, ತಿರುವೂದು ದಾಟಿತು. ಮೂರು ಪರೀಕ್ಷಾದಾಗ ಎರಡು" ಎಂದರು ಅಂದಾನಿಯವರು. "ಛಲೋ ಆತು."

ಛಲೋ ಆತು! ಮಾನ್ಯಾ ಆ ಎರಡು ಪದಗಳನ್ನು ತಾರೀಖಿನ ಸಮೇತ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟಳು.

ಮೂವರೂ ಕ್ಯಾಂಟೀನಿಗೆ ಇಳಿದರು. ಕಾಫಿ ಬಂತು. ನಾಗರಾಜ ಲೋಟವನ್ನು ಮೂಗಿನ ಬಳಿ ಒಯ್ದು, ಕುಡಿಯದೆ ಕೆಳಗಿಟ್ಟ.

"ಇದ್ ಕಾಫಿಯಾ? ಎಷ್ಟ್ ಸಲ ಕುದ್ಸಿದ್ರ್ ಇದನ್ನ? ಡಾಕ್ಟ್ರೇ, ನೀವ್ ಇಷ್ಟ್ ವರ್ಷದಿಂದ ಇದನ್ನೇ ಕುಡ್ದದ್ದಾ?"

"ಕಾಫಿ ಅಂದ್ರ ಬಿಸಿ ಇದ್ರ ಮುಗೀತಲ್ರೀ."

ನಾಗರಾಜ ಎದ್ದೇ ಬಿಟ್ಟ. ಬಿಳಿ ಕೋಟಿನ ತೋಳು ಮಡಿಸಿಕೊಂಡು, ಕ್ಯಾಂಟೀನಿನವನು ಅಡ್ಡ ಬರುವ ಮುಂಚೆಯೇ ಒಳಗೆ ಹೋಗಿ ಡಿಕಾಕ್ಷನ್ನಿನ ಫಿಲ್ಟರನ್ನು ಬೋರಲು ಹಾಕಿದ. ಯಾವುದೋ ವಿಭಾಗದ ಹೊಸ ಪ್ರೊಫೆಸರ್ ತಪಾಸಣೆಗೆ ಬಂದಿದ್ದಾರೆಂದು ತಿಳಿದ ಕ್ಯಾಂಟೀನಿನವನು ಕೈಕಟ್ಟಿ ನಿಂತ. ಅಂದಾನಿಯವರು "ಏ, ಏ, ಬ್ಯಾಡ್ರೀ" ಎನ್ನುತ್ತ ಹಿಂದೆಯೇ ಓಡಿದರು. ಮಾನ್ಯಾ ಬೆಂಚಿನ ಮೇಲೆ ಒಬ್ಬಳೇ ಕೂತು, ಹೊಟ್ಟೆ ಹಿಡಿದುಕೊಂಡು, ಬಿಕ್ಕಳಿಕೆ ಬರುವ ತನಕ ನಕ್ಕಳು.